ನೀರಿನ ಪ್ರಶ್ನೆಗೆ ಜಮೀನಿನ ಉತ್ತರ: ಎಲ್ ಸಾಲ್ವಡಾರ್ ಚಿನ್ನದ ಗಣಿ ಪ್ರಕರಣ

2016ರ ಅಕ್ಟೋಬರ್ 14ರಂದು ಮಧ್ಯ ಅಮೆರಿಕದ ಪುಟ್ಟ ದೇಶ ಎಲ್ ಸಾಲ್ವಡಾರ್ ಒಂದು ದೊಡ್ಡ ದಾವೆ ಗೆದ್ದಿತು. ಚಿನ್ನದ ಗಣಿಗೆ ಅನುಮತಿ ಕೊಡಲಿಲ್ಲವೆಂದು ಕಂಪನಿಯೊಂದು ಆ ದೇಶದ ಮೇಲೆ ಹೂಡಿದ್ದ ಪರಿಹಾರದ ದಾವೆ ಏಳೂವರೆ ವರ್ಷಗಳ ಬಳಿಕ ವಜಾ ಆಯಿತು. ಅಷ್ಟೇ ಅಲ್ಲ, ದೇಶದ ವ್ಯಾಜ್ಯ ವೆಚ್ಚದ ಬಾಬ್ತು 80 ಲಕ್ಷ ಡಾಲರ್ ಕೊಡಬೇಕೆಂದು ಕಂಪನಿಗೇ ಆದೇಶವಾಯಿತು. ಹೂಡಿಕೆ ಒಪ್ಪಂದಗಳ ಎದುರು ಮಾನವ ಹಕ್ಕುಗಳು ಗೆದ್ದದ್ದಕ್ಕೆ ಉದಾಹರಣೆಯಾಗಿ ಈ ಪ್ರಕರಣವನ್ನು ಹಲವರು ಎತ್ತಿ ಹೇಳುತ್ತಾರೆ. ನಾನೂ ಬಹಳ ದಿನ ಹಾಗೆಯೇ ತಿಳಿದಿದ್ದೆ. ತೀರ್ಪನ್ನು ಕೂತು ಓದಿದ ಮೇಲೆ ಆ ನಂಬಿಕೆ ಉಳಿಯಲಿಲ್ಲ. ಗಣಿ ಬರಲಿದ್ದ ಪ್ರದೇಶದ ಜನ ಹತ್ತು ವರ್ಷ ಬೀದಿಯಲ್ಲಿ ನಿಂತು ಕೇಳಿದ್ದು ನೀರಿನ ಬಗ್ಗೆ. ದಾವೆ ಕೇಳಿದ ಅಂತರರಾಷ್ಟ್ರೀಯ ಮಧ್ಯಸ್ಥಿಕೆ ಮಂಡಳಿ ಉತ್ತರಿಸಿದ್ದು ಜಮೀನಿನ ಕಾಗದಪತ್ರಗಳ ಬಗ್ಗೆ. ಈ ಎರಡರ ನಡುವಿನ ಅಂತರ ಹೇಗೆ ಹುಟ್ಟಿತು ಎಂಬುದನ್ನು ಬಿಡಿಸಿ ನೋಡುವುದೇ ಈ ಬರಹದ ಕೆಲಸ.

ಲೆಂಪಾ ನದಿಯ ಪಕ್ಕದ ಚಿನ್ನ

ಎಲ್ ಸಾಲ್ವಡಾರ್‌ನ ವಿಸ್ತೀರ್ಣ ಸುಮಾರು 21,000 ಚದರ ಕಿಲೋಮೀಟರ್, ಜನಸಂಖ್ಯೆ 60 ಲಕ್ಷದ ಆಸುಪಾಸು. ಇಷ್ಟು ಜನಕ್ಕೆ ಆಧಾರವಾಗಿರುವ ದೊಡ್ಡ ನದಿ ಒಂದೇ, ಲೆಂಪಾ. ಗ್ವಾಟೆಮಾಲಾದಲ್ಲಿ ಹುಟ್ಟಿ, ಹೊಂಡುರಾಸ್‌ನ ಅಂಚನ್ನು ತಾಗಿ, ಎಲ್ ಸಾಲ್ವಡಾರ್ ಅನ್ನು ಹಾದು ಪೆಸಿಫಿಕ್ ಸಾಗರ ಸೇರುತ್ತದೆ. ರಾಜಧಾನಿಯ ಕುಡಿಯುವ ನೀರು, ಜಲವಿದ್ಯುತ್ತು, ಹೊಲಗಳ ನೀರಾವರಿ, ಮೀನುಗಾರಿಕೆ ಎಲ್ಲವೂ ಈ ಒಂದು ಹರಿವಿಗೆ ಜೋತುಬಿದ್ದಿವೆ. ದೇಶದ ಉಳಿದ ನದಿ ತೊರೆಗಳಲ್ಲಿ ಬಹುಪಾಲು ಮೊದಲೇ ಮಲಿನ.

ಕಬಾನ್ಯಾಸ್ ಪ್ರಾಂತ್ಯ ಇರುವುದು ಈ ನದಿಯ ಜಲಾನಯನದಲ್ಲಿ. ಬಡ ರೈತರ ನಾಡು. 1980ರ ದಶಕದ ಅಂತರ್ಯುದ್ಧದಲ್ಲಿ ಇಲ್ಲಿನ ಹಳ್ಳಿಗಳೇ ಖಾಲಿಯಾಗಿ ಹೊಂಡುರಾಸ್‌ನ ನಿರಾಶ್ರಿತರ ಶಿಬಿರ ಸೇರಿದ್ದವು. ಮರಳಿ ಬಂದವರು ಸಾಂತಾ ಮಾರ್ತಾದಂಥ ಊರುಗಳನ್ನು ಕೈಯಾರೆ ಮತ್ತೆ ಕಟ್ಟಿಕೊಂಡರು. ಇದೇ ಪ್ರಾಂತ್ಯದ ಸಾನ್ ಇಸಿದ್ರೋ ಪಟ್ಟಣದ ಬಳಿ ಎಲ್ ದೊರಾದೊ ಎಂಬ ಹಳೆಯ ಚಿನ್ನದ ಗಣಿ ಇತ್ತು. ಕೆನಡಾದ ವ್ಯಾಂಕೂವರ್‌ನ ಪೆಸಿಫಿಕ್ ರಿಮ್ ಮೈನಿಂಗ್ ಕಂಪನಿ 2002ರಲ್ಲಿ ಆ ಯೋಜನೆಯನ್ನು ತನ್ನದಾಗಿಸಿಕೊಂಡು ಅನ್ವೇಷಣೆ ನಡೆಸಿತು. ನೆಲದಡಿಯಲ್ಲಿ ಗಣಿ ತೋಡಿ, ಅದಿರನ್ನು ಪುಡಿಮಾಡಿ, ಸಯನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆಯುವುದು ಅದರ ಯೋಜನೆ. 2004ರ ಡಿಸೆಂಬರ್‌ನಲ್ಲಿ ಗಣಿಗಾರಿಕೆಯ ಗುತ್ತಿಗೆಗೆ ಅರ್ಜಿ ಹಾಕಿತು.

ಇಲ್ಲಿ ಕಂಪನಿಯ ಕಡೆಗೂ ನ್ಯಾಯವಾಗಿ ಒಂದು ಮಾತು ಹೇಳಬೇಕು. ಅದು ಕದ್ದು ಬಂದ ಕಂಪನಿಯಲ್ಲ, ಕರೆಸಿಕೊಂಡ ಕಂಪನಿ. 1995ರ ಗಣಿ ಕಾಯ್ದೆಗೆ 2001ರಲ್ಲಿ ತಿದ್ದುಪಡಿ ತಂದು ಸರ್ಕಾರ ರಾಜಧನವನ್ನು ತನಗೆ ಶೇ 1, ಸ್ಥಳೀಯ ಪುರಸಭೆಗೆ ಶೇ 1ರಷ್ಟಕ್ಕೆ ಇಳಿಸಿತ್ತು. ಅನ್ವೇಷಣೆಯ ಪರವಾನಗಿಗಳನ್ನೂ ಕೊಟ್ಟಿತ್ತು. ಆದರೆ ಗುತ್ತಿಗೆಯ ಅರ್ಜಿ ಬಂದ ಮೇಲೆ ಕೊಡುತ್ತೇವೆ ಎಂದೂ ಹೇಳಲಿಲ್ಲ, ಕೊಡುವುದಿಲ್ಲ ಎಂದೂ ಹೇಳಲಿಲ್ಲ. ಕಡತ ವರ್ಷಗಟ್ಟಲೆ ಕೊಳೆಯಿತು. 2008ರ ಮಾರ್ಚ್‌ನಲ್ಲಿ ಅಂದಿನ ಅಧ್ಯಕ್ಷ ಆಂತೊನಿಯೊ ಸಾಕಾ ಗಣಿ ಪರವಾನಗಿಗಳಿಗೆ ತಮ್ಮ ವಿರೋಧವಿದೆ ಎಂದು ಬಹಿರಂಗವಾಗಿ ಹೇಳಿದರು. ಅವರದು ಬಲಪಂಥೀಯ, ಉದ್ಯಮಸ್ನೇಹಿ ಅರೇನಾ ಪಕ್ಷ. ಆ ಮಾತು ಆ ಬಾಯಿಂದ ಬಂದದ್ದು ಜನರ ಒತ್ತಡದಿಂದ. ಅದು ಒಳ್ಳೆಯದೇ. ಆದರೆ ಕಾನೂನಿನ ಮೂಲಕ ಕಾರಣ ಕೊಟ್ಟು ಹೇಳಬೇಕಾದ ‘ಇಲ್ಲ’ವನ್ನು ಸರ್ಕಾರ ಮೌನದಲ್ಲಿ ಹೇಳಿದ್ದು ತಪ್ಪು. ಆ ಮೌನ ಹೂಡಿಕೆದಾರನಿಗೆ ದಾವೆಯ ದಾರಿ ತೋರಿಸಿತು, ಹಳ್ಳಿಯವರಿಗೆ ಯಾವ ಭರವಸೆಯನ್ನೂ ಕೊಡಲಿಲ್ಲ.

ಓದುವ ಮೇಜು, ಕಿತ್ತಳೆ ಬಣ್ಣದ ಹೊಳೆ

ಜನ ಏನನ್ನು ಹೆದರಿದರು, ಏನನ್ನು ಕೇಳಿದರು ಎಂಬುದು ಗೊತ್ತಾಗದಿದ್ದರೆ ಈ ಪ್ರಕರಣ ಬರೀ ಕಾನೂನಿನ ಕಸರತ್ತಾಗಿ ಕಾಣುತ್ತದೆ. ಎರಡು ಸಂಗತಿಗಳನ್ನು ಹತ್ತಿರದಿಂದ ನೋಡೋಣ.

ಮೊದಲನೆಯದು ಪರಿಸರ ಪರಿಣಾಮ ಮೌಲ್ಯಮಾಪನದ ವರದಿ. ಕಂಪನಿ ಸಲ್ಲಿಸಿದ ಈ ವರದಿ ಸುಮಾರು 1,400 ಪುಟಗಳದ್ದು. ಕಾನೂನಿನ ಪ್ರಕಾರ ಅದನ್ನು ಸಾರ್ವಜನಿಕರ ಮುಂದೆ ಇಡಬೇಕು. ಇಟ್ಟರು: ರಾಜಧಾನಿಯ ಪರಿಸರ ಸಚಿವಾಲಯದ ಕಚೇರಿಯಲ್ಲಿ, ಹತ್ತು ಕೆಲಸದ ದಿನಗಳ ಮಟ್ಟಿಗೆ. ಅಲ್ಲಿಯೇ ಕುಳಿತು ಓದಬೇಕು, ನಕಲು ತೆಗೆದುಕೊಳ್ಳುವಂತಿಲ್ಲ. ಕಬಾನ್ಯಾಸ್‌ನ ರೈತ ಬಸ್ಸು ಹಿಡಿದು ರಾಜಧಾನಿಗೆ ಹೋಗಿ, ಆ ಮೇಜಿನ ಮುಂದೆ ಕುಳಿತು, ದಿನಕ್ಕೆ 140 ಪುಟದಂತೆ ಭೂಜಲ ವಿಜ್ಞಾನವನ್ನೂ ರಸಾಯನಶಾಸ್ತ್ರವನ್ನೂ ಓದಿ, ತನ್ನ ಬಾವಿಗೆ ಏನಾಗುತ್ತದೆ ಎಂದು ತಾನೇ ಲೆಕ್ಕ ಹಾಕಬೇಕಿತ್ತು. ಸ್ಥಳೀಯ ಸಂಘಟನೆಗಳ ಕೋರಿಕೆಯಂತೆ ಅಮೆರಿಕದ ಜಲಭೂವಿಜ್ಞಾನಿ ರಾಬರ್ಟ್ ಮೊರಾನ್ 2005ರಲ್ಲಿ ಆ ವರದಿಯನ್ನು ಪರಿಶೀಲಿಸಿದರು. ನೀರಿನ ಪ್ರಮಾಣ, ಗುಣಮಟ್ಟಗಳ ಬಗ್ಗೆ ಅದರಲ್ಲಿರುವ ಮಾಹಿತಿ ಸಾಲದು ಎಂದರು. ಜನ ಅದನ್ನು ಓದಿ ಅಭಿಪ್ರಾಯ ಹೇಳುವುದಕ್ಕೆ ಕೊಟ್ಟ ಏರ್ಪಾಡೇ ಸರಿಯಿಲ್ಲ ಎಂದೂ ಬರೆದರು. ಮಾಹಿತಿಯ ಹಕ್ಕು, ಭಾಗವಹಿಸುವ ಹಕ್ಕು ಎಂದು ಮಾನವ ಹಕ್ಕುಗಳ ಭಾಷೆಯಲ್ಲಿ ನಾವು ಹೇಳುವುದು ಕೊನೆಗೆ ಇಂಥ ಒಂದು ಮೇಜಿನ ಮುಂದೆ ಉಳಿಯುತ್ತದೆ ಅಥವಾ ಸಾಯುತ್ತದೆ.

ಎರಡನೆಯದು ದೇಶದ ಪೂರ್ವ ತುದಿಯ ಲಾ ಉನಿಯೊನ್ ಪ್ರಾಂತ್ಯದ ಸಾನ್ ಸೆಬಾಸ್ತಿಯಾನ್ ಹೊಳೆ. ಅಲ್ಲೂ ಒಂದು ಹಳೆಯ ಚಿನ್ನದ ಗಣಿ ಇತ್ತು. ಅದರ ಬುಡದಿಂದ ಬರುವ ನೀರು ತುಕ್ಕಿನ ಬಣ್ಣ, ಕೆಲವು ಕಡೆ ಕಿತ್ತಳೆ ಬಣ್ಣ. ಕಲ್ಲುಗಳ ಮೇಲೆ ಅದೇ ಬಣ್ಣದ ಪೊರೆ. ಇದಕ್ಕೆ ಕಾರಣ ಸರಳ: ನೆಲದಾಳದಲ್ಲಿ ಗಾಳಿ ತಾಗದೆ ಕುಳಿತಿದ್ದ ಗಂಧಕಯುಕ್ತ ಬಂಡೆಯನ್ನು ಒಡೆದು ಹೊರಗೆ ಹಾಕಿದಾಗ ಅದು ಗಾಳಿ, ನೀರಿನೊಂದಿಗೆ ಸೇರಿ ಗಂಧಕಾಮ್ಲವನ್ನು ಉತ್ಪತ್ತಿ ಮಾಡುತ್ತದೆ. ಆ ಆಮ್ಲ ಬಂಡೆಯೊಳಗಿನ ಕಬ್ಬಿಣ, ತಾಮ್ರ ಮುಂತಾದ ಲೋಹಗಳನ್ನು ಕರಗಿಸಿಕೊಂಡು ಹೊಳೆಗೆ ಇಳಿಯುತ್ತದೆ. ಗಣಿ ಮುಚ್ಚಿದರೆ ಇದು ನಿಲ್ಲುವುದಿಲ್ಲ. ಬಂಡೆ ಇರುವವರೆಗೆ ನಡೆಯುತ್ತಲೇ ಇರುತ್ತದೆ. ಕಬಾನ್ಯಾಸ್‌ನ ಜನರಿಗೆ ಗಣಿಯ ಮರುದಿನ ಹೇಗಿರುತ್ತದೆ ಎಂದು ತಿಳಿಯಲು ಪರದೇಶಕ್ಕೆ ಹೋಗಬೇಕಿರಲಿಲ್ಲ.

2005ರಲ್ಲಿ ಹಲವು ಸಂಘಟನೆಗಳು ಸೇರಿ ಲೋಹ ಗಣಿಗಾರಿಕೆ ವಿರುದ್ಧ ರಾಷ್ಟ್ರೀಯ ವೇದಿಕೆಯೊಂದನ್ನು ಕಟ್ಟಿದವು. ಜನ ಅದನ್ನು ಚಿಕ್ಕದಾಗಿ ‘ಲಾ ಮೇಸಾ’ ಎಂದು ಕರೆದರು. ಮೇಸಾ ಎಂದರೆ ಸ್ಪ್ಯಾನಿಷ್‌ನಲ್ಲಿ ಮೇಜು. 2007ರಲ್ಲಿ ಕ್ಯಾಥೊಲಿಕ್ ಬಿಷಪ್ಪರೂ ಗಣಿಗಾರಿಕೆ ಬೇಡವೆಂದು ಹೇಳಿಕೆ ಹೊರಡಿಸಿದರು. ಅಂದಿನ ಆರ್ಚ್‌ಬಿಷಪ್ ಫೆರ್ನಾಂದೊ ಸಾಯೆನ್ಸ್ ಲಕಾಲ್ಯೆ ರಸಾಯನಶಾಸ್ತ್ರ ಓದಿದವರು. ಸಯನೈಡ್ ಎಂದರೆ ಏನೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

2009

ಈ ವರ್ಷವನ್ನು ಪ್ರತ್ಯೇಕವಾಗಿ ಹೇಳಲೇಬೇಕು. ಏಪ್ರಿಲ್ 30ರಂದು ಕಂಪನಿ ವಾಷಿಂಗ್ಟನ್‌ನಲ್ಲಿ ದಾವೆ ಸಲ್ಲಿಸಿತು. ಜೂನ್‌ನಲ್ಲಿ ಸಾನ್ ಇಸಿದ್ರೋದ ಶಿಕ್ಷಕ, ಸಾಂಸ್ಕೃತಿಕ ಕಾರ್ಯಕರ್ತ, ಗಣಿ ವಿರೋಧಿ ಚಳವಳಿಯ ಮುಂಚೂಣಿಯಲ್ಲಿದ್ದ ಮಾರ್ಸೆಲೊ ರಿವೇರಾ ಕಾಣೆಯಾದರು. ಮುಂದಿನ ತಿಂಗಳು ಅವರ ಶವ ಒಂದು ಬಾವಿಯಲ್ಲಿ ಸಿಕ್ಕಿತು. ಡಿಸೆಂಬರ್ 20ರಂದು ಅದೇ ಚಳವಳಿಯ ರಾಮಿರೊ ರಿವೇರಾ ಗುಂಡೇಟಿಗೆ ಬಲಿಯಾದರು. ಅದಕ್ಕೆ ಕೆಲವು ತಿಂಗಳ ಹಿಂದೆ ಅವರ ಮೇಲೆ ಒಮ್ಮೆ ಗುಂಡಿನ ದಾಳಿ ನಡೆದು, ಅವರು ಪೊಲೀಸ್ ರಕ್ಷಣೆಯಲ್ಲಿದ್ದರು. ಆರು ದಿನಗಳ ಬಳಿಕ, ಡಿಸೆಂಬರ್ 26ರಂದು, ಚಳವಳಿಯಲ್ಲಿದ್ದ ತುಂಬು ಗರ್ಭಿಣಿ ದೋರಾ ಅಲಿಸಿಯಾ ಸೊರ್ತೊ ಹೊಳೆಯಿಂದ ಮನೆಗೆ ಬರುವ ದಾರಿಯಲ್ಲಿ ಕೊಲೆಯಾದರು. ಜೊತೆಗಿದ್ದ ಎರಡು ವರ್ಷದ ಮಗುವಿಗೂ ಗಾಯವಾಯಿತು. ಕಬಾನ್ಯಾಸ್‌ನ ಸಮುದಾಯ ಬಾನುಲಿ ರೇಡಿಯೊ ವಿಕ್ತೋರಿಯಾದ ಯುವ ಪತ್ರಕರ್ತರಿಗೆ ಕೊಲೆ ಬೆದರಿಕೆಗಳು ಬಂದವು.

ಈ ಕೊಲೆಗಳಲ್ಲಿ ತನ್ನ ಪಾತ್ರವಿಲ್ಲವೆಂದು ಕಂಪನಿ ಹೇಳಿತು, ಹಾಗೆ ಪಾತ್ರವಿತ್ತೆಂದು ಯಾವ ನ್ಯಾಯಾಲಯವೂ ತೀರ್ಮಾನಿಸಿಲ್ಲ. ಕೆಲವರಿಗೆ ಶಿಕ್ಷೆಯಾಯಿತು, ಆದರೆ ಹಿಂದೆ ನಿಂತು ಮಾಡಿಸಿದವರು ಯಾರು ಎಂಬ ಪ್ರಶ್ನೆಗೆ ಕುಟುಂಬಗಳಿಗೆ ಉತ್ತರ ಸಿಗಲಿಲ್ಲ. ನಾನು ಇವುಗಳನ್ನು ಇಲ್ಲಿ ಬರೆಯುತ್ತಿರುವುದು ಆರೋಪ ಹೊರಿಸಲು ಅಲ್ಲ. ಒಂದೇ ಗಣಿಯ ಕಾರಣಕ್ಕೆ ಒಂದೇ ವರ್ಷದಲ್ಲಿ ಎರಡು ಕಡೆ ಎರಡು ಬಗೆಯ ನಷ್ಟಗಳು ದಾಖಲಾದವು. ಬರಬಹುದಾಗಿದ್ದ ಲಾಭ ತಪ್ಪಿತು ಎಂಬ ನಷ್ಟವನ್ನು ಕೇಳಲು ವಿಶ್ವಬ್ಯಾಂಕ್ ಸಮೂಹದೊಳಗೆ ಸಿದ್ಧ ವೇದಿಕೆ, ನಿಯಮಾವಳಿ, ವೇತನ ಪಡೆಯುವ ಪರಿಣತರು ಎಲ್ಲ ಇದ್ದರು. ಜೀವದ ನಷ್ಟವನ್ನು ಕೇಳಲು ಇದ್ದದ್ದು ಸ್ಥಳೀಯ ಠಾಣೆ.

ಬಾಗಿಲಿನಿಂದ ಬಾಗಿಲಿಗೆ

ಹೂಡಿಕೆ ಒಪ್ಪಂದಗಳ ಕೆಲಸ ಹೀಗೆ: ಎರಡು ಅಥವಾ ಹೆಚ್ಚು ದೇಶಗಳು ತಮ್ಮ ನಡುವೆ ಸಹಿ ಹಾಕುತ್ತವೆ. ನಿನ್ನ ದೇಶದ ಹೂಡಿಕೆದಾರ ನನ್ನಲ್ಲಿಗೆ ಬಂದರೆ ನ್ಯಾಯವಾಗಿ ನಡೆಸಿಕೊಳ್ಳುತ್ತೇನೆ, ಪರಿಹಾರವಿಲ್ಲದೆ ಅವನ ಆಸ್ತಿ ಕಿತ್ತುಕೊಳ್ಳುವುದಿಲ್ಲ, ತಪ್ಪಿದರೆ ಅವನು ನನ್ನ ನ್ಯಾಯಾಲಯಗಳನ್ನು ಬಿಟ್ಟು ನೇರವಾಗಿ ಅಂತರರಾಷ್ಟ್ರೀಯ ಮಧ್ಯಸ್ಥಿಕೆಗೆ ಹೋಗಬಹುದು ಎಂದು ಮಾತು ಕೊಡುತ್ತವೆ. ಇಂಥ ವ್ಯಾಜ್ಯಗಳನ್ನು ನಡೆಸುವ ಮುಖ್ಯ ಸಂಸ್ಥೆ ವಾಷಿಂಗ್ಟನ್‌ನಲ್ಲಿರುವ, ವಿಶ್ವಬ್ಯಾಂಕ್ ಸಮೂಹಕ್ಕೆ ಸೇರಿದ ಇಕ್ಸಿಡ್. ಖಾಯಂ ನ್ಯಾಯಾಧೀಶರು ಅಲ್ಲಿಲ್ಲ. ಪ್ರತಿ ಪ್ರಕರಣಕ್ಕೂ ಮೂವರು ಮಧ್ಯಸ್ಥಗಾರರ ಮಂಡಳಿ ರಚನೆಯಾಗುತ್ತದೆ. ಇಲ್ಲಿ ಬ್ರಿಟನ್ನಿನ ವಿ. ವಿ. ವೀಡರ್ ಅಧ್ಯಕ್ಷರು, ಫ್ರಾನ್ಸಿನ ಬ್ರಿಜಿತ್ ಸ್ಟರ್ನ್, ಅರ್ಜೆಂಟೀನಾದ ಗೀದೊ ತವಿಲ್ ಸದಸ್ಯರು.

ಕಂಪನಿಗೆ ಒಂದು ತೊಡಕಿತ್ತು. ಮಧ್ಯ ಅಮೆರಿಕದ ದೇಶಗಳು ಅಮೆರಿಕದೊಂದಿಗೆ ಮಾಡಿಕೊಂಡ ಮುಕ್ತ ವ್ಯಾಪಾರ ಒಪ್ಪಂದ ಕಾಫ್ಟಾದಲ್ಲಿ ಕೆನಡಾ ಇಲ್ಲ. ಪೆಸಿಫಿಕ್ ರಿಮ್‌ನ ಅಧೀನ ಕಂಪನಿಯೊಂದು ಕೇಮನ್ ದ್ವೀಪಗಳಲ್ಲಿ ನೋಂದಣಿಯಾಗಿತ್ತು. ಆ ದ್ವೀಪಗಳೂ ಒಪ್ಪಂದದಲ್ಲಿಲ್ಲ. 2007ರ ಡಿಸೆಂಬರ್‌ನಲ್ಲಿ ಆ ಕಂಪನಿ ತನ್ನ ನೋಂದಣಿಯನ್ನು ಅಮೆರಿಕದ ನೆವಾಡಾ ರಾಜ್ಯಕ್ಕೆ ಬದಲಿಸಿಕೊಂಡಿತು. ಕಾಗದದ ಮೇಲೆ ಅದು ಈಗ ಅಮೆರಿಕದ ಕಂಪನಿ, ಕಾಫ್ಟಾದ ರಕ್ಷಣೆಗೆ ಅರ್ಹ. ಹದಿನಾರು ತಿಂಗಳ ಬಳಿಕ ದಾವೆ ಬಂತು.

2012ರ ಜೂನ್ 1ರಂದು ಮಂಡಳಿ ಕಾಫ್ಟಾದ ಬಾಗಿಲನ್ನು ಮುಚ್ಚಿತು. ಅಮೆರಿಕದಲ್ಲಿ ಈ ಕಂಪನಿಗೆ ಹೇಳಿಕೊಳ್ಳುವಂಥ ವ್ಯವಹಾರವಿಲ್ಲ, ಅದರ ಒಡೆತನ ಒಪ್ಪಂದದ ಹೊರಗಿನವರದು, ಆದ್ದರಿಂದ ಒಪ್ಪಂದದ ಲಾಭವನ್ನು ನಿರಾಕರಿಸುವ ಹಕ್ಕು ಎಲ್ ಸಾಲ್ವಡಾರ್‌ಗೆ ಇದೆ ಎಂದಿತು. ಆದರೆ ದಾವೆ ಅಲ್ಲಿಗೆ ಮುಗಿಯಲಿಲ್ಲ. ವಿದೇಶಿ ಬಂಡವಾಳವನ್ನು ಆಕರ್ಷಿಸಲು 1999ರಲ್ಲಿ ದೇಶ ತಾನೇ ಮಾಡಿಕೊಂಡಿದ್ದ ಹೂಡಿಕೆ ಕಾಯ್ದೆಯ 15ನೆಯ ಕಲಮು ವಿದೇಶಿ ಹೂಡಿಕೆದಾರರಿಗೆ ಇಕ್ಸಿಡ್‌ನ ದಾರಿಯನ್ನು ಮೊದಲೇ ತೆರೆದಿಟ್ಟಿತ್ತು. ಒಪ್ಪಂದದ ಬಾಗಿಲು ಮುಚ್ಚಿದರೂ ಸ್ವಂತ ಕಾನೂನಿನ ಬಾಗಿಲಿನಿಂದ ದಾವೆ ಒಳಗೆ ಬಂತು. ಮರುವರ್ಷ ಸಂಸತ್ತು ಆ ಕಲಮನ್ನು ತಿದ್ದಿತು, ಆದರೆ ನಡೆಯುತ್ತಿದ್ದ ವ್ಯಾಜ್ಯಕ್ಕೆ ಅದರಿಂದ ಏನೂ ಆಗಲಿಲ್ಲ. ಹೂಡಿಕೆ ಒಪ್ಪಂದಗಳ ಬಗ್ಗೆ ಮಾತನಾಡುವಾಗ ನಾವು ಸಾಮಾನ್ಯವಾಗಿ ದೇಶದೇಶಗಳ ನಡುವಿನ ಸಹಿಗಳನ್ನಷ್ಟೇ ನೋಡುತ್ತೇವೆ. ದೇಶೀಯ ಕಾಯ್ದೆಗಳಲ್ಲಿ ಅಡಗಿರುವ ಇಂಥ ಒಂದು ಸಾಲು ಅಷ್ಟೇ ಬಲವಾಗಿ ಕಟ್ಟಿಹಾಕಬಲ್ಲದು ಎಂಬುದನ್ನು ಈ ಪ್ರಕರಣ ನನಗೆ ಕಲಿಸಿತು.

ಬೇಡಿಕೆಯ ಮೊತ್ತವೂ ಬೆಳೆಯಿತು. ಮೊದಲು 7.7 ಕೋಟಿ ಡಾಲರ್ ಎಂದಿದ್ದ ಕಂಪನಿ ಒಂದು ಹಂತದಲ್ಲಿ 31 ಕೋಟಿ ಡಾಲರ್ ದಾಟಿ, ಕೊನೆಗೆ 25 ಕೋಟಿ ಡಾಲರ್‌ನ ಸುತ್ತ ನಿಂತಿತು. ಈ ನಡುವೆ, 2013ರಲ್ಲಿ, ಪೆಸಿಫಿಕ್ ರಿಮ್ ಅನ್ನು ಆಸ್ಟ್ರೇಲಿಯಾದಲ್ಲಿ ನೆಲೆಯಿದ್ದ ಓಷಿಯಾನಾಗೋಲ್ಡ್ ಖರೀದಿಸಿತು. ಹಳ್ಳಿಯವರು ಒಂದು ಕಂಪನಿಯ ಹೆಸರು ಉಚ್ಚರಿಸಲು ಕಲಿಯುವಷ್ಟರಲ್ಲಿ ಎದುರಾಳಿಯೇ ಬದಲಾಗಿತ್ತು. ದಾವೆ ಮಾತ್ರ ಆಸ್ತಿಯ ಹಾಗೆ ಒಂದು ಕೈಯಿಂದ ಇನ್ನೊಂದಕ್ಕೆ ಹೋಯಿತು.

ಮಂಡಳಿ ಏನನ್ನು ತೀರ್ಮಾನಿಸಿತು

ಅಂತಿಮ ವಿಚಾರಣೆ ವಾಷಿಂಗ್ಟನ್‌ನಲ್ಲಿ 2014ರ ಸೆಪ್ಟೆಂಬರ್ 15ರಂದು ಆರಂಭವಾಯಿತು. ಅದು ಎಲ್ ಸಾಲ್ವಡಾರ್‌ನ ಸ್ವಾತಂತ್ರ್ಯ ದಿನ. ಆರು ದಿನಗಳ ಬಳಿಕ, ಕಬಾನ್ಯಾಸ್‌ನ ಪಕ್ಕದ ಚಲಾತೆನಾಂಗೊ ಪ್ರಾಂತ್ಯದ ಸಾನ್ ಹೋಸೆ ಲಾಸ್ ಫ್ಲೋರೆಸ್ ಪುರಸಭೆಯಲ್ಲಿ ಗಣಿ ಬೇಕೇ ಬೇಡವೇ ಎಂದು ಜನಮತ ನಡೆಯಿತು. ಶೇ 99 ಮಂದಿ ಬೇಡ ಎಂದರು.

ತೀರ್ಪು ನಿಂತದ್ದು ಗಣಿ ಕಾಯ್ದೆಯ 37ನೆಯ ಕಲಮಿನ ಒಂದು ಉಪಕಲಮಿನ ಮೇಲೆ. ಗುತ್ತಿಗೆ ಕೇಳುವವರು ಆ ಜಮೀನಿನ ಒಡೆತನದ ದಾಖಲೆಯನ್ನೋ, ಜಮೀನಿನ ಮಾಲೀಕರ ಒಪ್ಪಿಗೆ ಪತ್ರವನ್ನೋ ಕೊಡಬೇಕು. ಕಂಪನಿ ಕೇಳಿದ್ದು 12.75 ಚದರ ಕಿಲೋಮೀಟರ್. ಅದರಲ್ಲಿ ಚಿಕ್ಕ ಭಾಗಕ್ಕೆ ಮಾತ್ರ ಅದರ ಬಳಿ ಕಾಗದಗಳಿದ್ದವು. ಗಣಿ ನೆಲದಡಿಯದಾದ್ದರಿಂದ ಮೇಲಿನ ಎಲ್ಲ ಜಮೀನಿಗೂ ಒಪ್ಪಿಗೆ ಬೇಕಿಲ್ಲ ಎಂಬುದು ಕಂಪನಿಯ ವಾದ. ಇಡೀ ಗುತ್ತಿಗೆ ಪ್ರದೇಶಕ್ಕೆ ಬೇಕು ಎಂಬುದು ಸರ್ಕಾರದ ವಾದ. ಮಂಡಳಿ ಸರ್ಕಾರದ ಮಾತನ್ನು ಒಪ್ಪಿತು: ಕಾನೂನಿನ ಷರತ್ತು ಪೂರೈಸದವರಿಗೆ ಗುತ್ತಿಗೆಯ ಹಕ್ಕೇ ಹುಟ್ಟುವುದಿಲ್ಲ, ಇಲ್ಲದ ಹಕ್ಕನ್ನು ಕಿತ್ತುಕೊಳ್ಳಲು ಬರುವುದಿಲ್ಲ, ಆದ್ದರಿಂದ ಪರಿಹಾರವಿಲ್ಲ.

ಈ ಉಪಕಲಮಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ಸಂಗತಿಯೊಂದಿದೆ. ಜಮೀನಿನ ಮಾಲೀಕರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕದಿದ್ದದ್ದು ಎಲ್ಲ ಕಡೆ ಆಕಸ್ಮಿಕವಲ್ಲ. ನೀರಿಗೆ ಹೆದರಿ, ಚಳವಳಿಯ ಮಾತು ಕೇಳಿ, ಎಷ್ಟೋ ರೈತರು ಸಹಿ ಹಾಕಲಿಲ್ಲ. ಹಾಗೆ ನೋಡಿದರೆ ಕಂಪನಿಯನ್ನು ಸೋಲಿಸಿದ್ದು ಅವರ ನಿರಾಕರಣೆಯೇ. ಆದರೆ ತೀರ್ಪಿನಲ್ಲಿ ಅದು ನಿರಾಕರಣೆಯಾಗಿ ಕಾಣಿಸುವುದಿಲ್ಲ, ಅರ್ಜಿಯ ಜೊತೆ ಲಗತ್ತಿಸದೆ ಬಿಟ್ಟ ದಾಖಲೆಯಾಗಿ ಕಾಣಿಸುತ್ತದೆ. ತನ್ನ ಹೊಲ ಕೊಡಲಾರೆ ಎಂದ ಮನುಷ್ಯನ ಮಾತು ಕಡತದಲ್ಲಿ ಒಂದು ಖಾಲಿ ಜಾಗವಾಗಿ ಉಳಿಯಿತು.

ಜಮೀನಿಲ್ಲದವರ ಸ್ಥಿತಿ ಇದಕ್ಕಿಂತ ಕಡೆ. ಗುತ್ತಿಗೆ ಪ್ರದೇಶದ ಕೆಳಗೆ, ಲೆಂಪಾದ ಹರಿವಿನಗುಂಟ, ಅದೇ ನೀರು ಕುಡಿಯುವ ಲಕ್ಷಾಂತರ ಜನರ ಒಪ್ಪಿಗೆಯನ್ನು ಆ ಉಪಕಲಮು ಕೇಳುವುದೇ ಇಲ್ಲ.

ಅಮಿಕಸ್‌ಗೆ ಏನಾಯಿತು

ಜನ ಸುಮ್ಮನೆ ಕೂರಲಿಲ್ಲ. ವ್ಯಾಜ್ಯದ ಪಕ್ಷಗಳಲ್ಲದವರು ಮಂಡಳಿಗೆ ಸಲಹೆ ರೂಪದಲ್ಲಿ ಮಾತು ಹೇಳಲು ಇರುವ ಏಕೈಕ ದಾರಿ ಅಮಿಕಸ್ ಕ್ಯೂರಿ. ಲಾ ಮೇಸಾದ ಸದಸ್ಯ ಸಂಘಟನೆಗಳು ಅಂತರರಾಷ್ಟ್ರೀಯ ಪರಿಸರ ಕಾನೂನು ಕೇಂದ್ರದ ವಕೀಲರ ಮೂಲಕ 2011ರಲ್ಲಿ, ಮತ್ತೆ 2014ರಲ್ಲಿ ಲಿಖಿತ ನಿವೇದನೆ ಸಲ್ಲಿಸಿದವು. ನಿಜವಾದ ವಿವಾದ ಕಂಪನಿ ಮತ್ತು ಸರ್ಕಾರದ ನಡುವಿನದಲ್ಲ, ಕಂಪನಿ ಮತ್ತು ಈ ಸಮುದಾಯಗಳ ನಡುವಿನದು ಎಂಬುದು ಮೊದಲ ನಿವೇದನೆಯ ಕೇಂದ್ರ ಮಾತು. ಎರಡನೆಯದು ಮಾನವ ಹಕ್ಕುಗಳನ್ನು, ಪರಿಸರವನ್ನು ಕಾಪಾಡುವುದು ಸರ್ಕಾರದ ಅಂತರರಾಷ್ಟ್ರೀಯ ಬಾಧ್ಯತೆ ಎಂದು ವಾದಿಸಿತು. ನೀರು ಮಾನವ ಹಕ್ಕು ಎಂದು ವಿಶ್ವಸಂಸ್ಥೆಯ ಮಹಾಸಭೆ 2010ರ ಜುಲೈ 28ರಂದು ಘೋಷಿಸಿ ಆಗಲೇ ನಾಲ್ಕು ವರ್ಷಗಳಾಗಿದ್ದವು.

ಮಂಡಳಿ ನಿವೇದನೆಯನ್ನು ತೆಗೆದುಕೊಂಡಿತು. ಅಂತಿಮ ತೀರ್ಪಿನಲ್ಲಿ ಅದಕ್ಕೆ ಉತ್ತರಿಸಲಿಲ್ಲ. ತಾನು ತಲುಪಿದ ತೀರ್ಮಾನಕ್ಕೆ ಆ ವಾದವನ್ನು ಪರಿಶೀಲಿಸುವ ಅಗತ್ಯ ಬೀಳಲಿಲ್ಲ ಎಂದಿತು. ಜೊತೆಗೆ ಇನ್ನೊಂದು ಕಾರಣ ಕೊಟ್ಟಿತು: ವ್ಯಾಜ್ಯದಲ್ಲಿ ಸಲ್ಲಿಕೆಯಾದ ಸಾಕ್ಷ್ಯಗಳಲ್ಲಿ ಹೆಚ್ಚಿನವನ್ನು ಈ ಸಂಘಟನೆಗಳು ಕಂಡಿಲ್ಲವಾದ್ದರಿಂದ ಅವರ ವಾದವನ್ನು ಎತ್ತಿಕೊಳ್ಳುವುದು ಉಚಿತವಲ್ಲ. ಪಕ್ಷಗಳಲ್ಲದವರಿಗೆ ಸಾಕ್ಷ್ಯ ಕೊಡುವುದಿಲ್ಲ; ಸಾಕ್ಷ್ಯ ನೋಡದವರ ಮಾತು ಪರಿಗಣಿಸುವುದಿಲ್ಲ. ಈ ವೃತ್ತದಿಂದ ಹೊರಬರುವ ದಾರಿ ಯಾವುದು ಎಂದು ನಾನು ಬಹಳ ಯೋಚಿಸಿದ್ದೇನೆ, ಸಿಕ್ಕಿಲ್ಲ. ರಾಜಧಾನಿಯ ಆ ಓದುವ ಮೇಜಿನ ಬಳಿ ಅರ್ಧಂಬರ್ಧ ತೆರೆದಿದ್ದ ಕಡತ, ವಾಷಿಂಗ್ಟನ್‌ನಲ್ಲಿ ಪೂರ್ತಿ ಮುಚ್ಚಿತು.

ಸರ್ಕಾರವೂ ಜನರ ಹಕ್ಕನ್ನು ತನ್ನ ರಕ್ಷಣೆಯ ಮುಂದಿನ ಸಾಲಿನಲ್ಲಿ ಇಡಲಿಲ್ಲ. ಅದರ ಮುಖ್ಯ ವಾದ ಅಧಿಕಾರ ವ್ಯಾಪ್ತಿಯದು, ಆಮೇಲೆ ಜಮೀನಿನ ಮತ್ತು ಅಪೂರ್ಣ ಅರ್ಜಿಯದು. ವಕೀಲರ ಜಾಗದಲ್ಲಿ ನಿಂತು ನೋಡಿದರೆ ಇದು ಜಾಣ ಆಯ್ಕೆ. ಸೋತರೆ ದೇಶದ ಬೊಕ್ಕಸದಿಂದ ಕೋಟಿಗಟ್ಟಲೆ ಡಾಲರ್ ಹೋಗುತ್ತದೆ. ಗೆಲ್ಲಲು ಒಂದು ಉಪಕಲಮು ಸಾಕಾಗುತ್ತದೆ ಎಂದರೆ ಯಾವ ವಕೀಲರು ತಾನೇ ನೀರಿನ ಹಕ್ಕಿನಂಥ ಇನ್ನೂ ಗಟ್ಟಿಯಾಗದ ನೆಲದ ಮೇಲೆ ಕಾಲಿಡುತ್ತಾರೆ? ನಾನು ಅವರನ್ನು ದೂರುವುದಿಲ್ಲ. ಆದರೆ ಹೂಡಿಕೆ ವ್ಯಾಜ್ಯಗಳಲ್ಲಿ ಮಾನವ ಹಕ್ಕುಗಳ ಸ್ಥಿತಿ ಇದೇ ಆಗಿದೆ. ಅವು ಒಳಗೆ ಬರಬೇಕಾದರೆ ಸರ್ಕಾರದ ವಾದವಾಗಿ ಬರಬೇಕು. ಸರ್ಕಾರಕ್ಕೆ ಬೇಡವಾದರೆ ಬಾಗಿಲ ಹೊರಗೆ ನಿಲ್ಲಬೇಕು. ಹಕ್ಕು ಯಾರದೋ ಅವರಿಗೆ ಅಲ್ಲಿ ಕುರ್ಚಿಯಿಲ್ಲ.

ಒಪ್ಪಂದದ ಪಠ್ಯದಲ್ಲಿಯೇ ಇದರ ಬೇರಿದೆ. ಕಾಫ್ಟಾದ ಹೂಡಿಕೆ ಅಧ್ಯಾಯದಲ್ಲಿ ಪರಿಸರ ಕುರಿತ ಒಂದು ವಿಧಿ ಇದೆ. ಪರಿಸರವನ್ನು ಲಕ್ಷ್ಯದಲ್ಲಿಟ್ಟು ದೇಶಗಳು ಕ್ರಮ ಕೈಗೊಳ್ಳುವುದನ್ನು ಈ ಅಧ್ಯಾಯ ತಡೆಯುವುದಿಲ್ಲ ಎಂದು ಅದು ಹೇಳುತ್ತದೆ. ಆ ಕ್ರಮ ಈ ಅಧ್ಯಾಯದ ಉಳಿದ ವಿಧಿಗಳಿಗೆ ಹೊಂದಿಕೊಂಡಿದ್ದರೆ ಮಾತ್ರ ಎಂಬ ಷರತ್ತನ್ನೂ ಸೇರಿಸುತ್ತದೆ. ಒಂದು ಕೈಯಿಂದ ಕೊಟ್ಟದ್ದನ್ನು ಇನ್ನೊಂದು ಕೈ ಅದೇ ವಾಕ್ಯದಲ್ಲಿ ಹಿಂದಕ್ಕೆ ತೆಗೆದುಕೊಂಡಿತು.

ಬೇರೆ ಎರಡು ಕಡೆ

ಇದಕ್ಕಿಂತ ಬೇರೆಯಾಗಿ ಯೋಚಿಸಲು ಸಾಧ್ಯವೇ ಇರಲಿಲ್ಲವೆಂದಲ್ಲ. 2006ರಲ್ಲಿ ಅಮೆರಿಕಾ ಖಂಡಗಳ ಮಾನವ ಹಕ್ಕುಗಳ ನ್ಯಾಯಾಲಯದ ಮುಂದೆ ಪರಾಗ್ವೆಯ ಸಾವೊಯಾಮಾಕ್ಸಾ ಮೂಲನಿವಾಸಿ ಸಮುದಾಯದ ಭೂಮಿಯ ಪ್ರಶ್ನೆ ಬಂದಿತ್ತು. ಆ ಭೂಮಿ ಜರ್ಮನ್ ಹೂಡಿಕೆದಾರರದು, ಜರ್ಮನಿಯೊಂದಿಗಿನ ಹೂಡಿಕೆ ಒಪ್ಪಂದ ಅದನ್ನು ರಕ್ಷಿಸುತ್ತದೆ, ಆದ್ದರಿಂದ ವಾಪಸು ಕೊಡಲಾಗದು ಎಂದು ಪರಾಗ್ವೆ ಸರ್ಕಾರ ಹೇಳಿತು. ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ವಾಣಿಜ್ಯ ಒಪ್ಪಂದವನ್ನು ಜಾರಿ ಮಾಡುವುದು ಮಾನವ ಹಕ್ಕುಗಳ ಒಡಂಬಡಿಕೆಯನ್ನು ಮುರಿಯಲು ನೆಪವಾಗದು, ಮೊದಲನೆಯದನ್ನು ಎರಡನೆಯದಕ್ಕೆ ಹೊಂದಿಸಿಯೇ ಅನ್ವಯಿಸಬೇಕು ಎಂದಿತು. ಆ ವೇದಿಕೆಯಲ್ಲಿ ಸಮುದಾಯವೇ ಎದುರಿಗಿತ್ತು ಎಂಬುದನ್ನು ಗಮನಿಸಬೇಕು.

ಇನ್ನೊಂದು, ಇದೇ ಇಕ್ಸಿಡ್‌ನಲ್ಲಿ, ಎಲ್ ಸಾಲ್ವಡಾರ್ ತೀರ್ಪಿನ ಎರಡು ತಿಂಗಳೊಳಗೆ, 2016ರ ಡಿಸೆಂಬರ್ 8ರಂದು ಬಂದ ಉರ್ಬಾಸೆರ್ ತೀರ್ಪು. ಬ್ಯೂನಸ್ ಐರಿಸ್ ಪ್ರಾಂತ್ಯದ ನೀರು ಸರಬರಾಜಿನ ಗುತ್ತಿಗೆ ಪಡೆದಿದ್ದ ಸ್ಪೇನಿನ ಹೂಡಿಕೆದಾರರ ದಾವೆಗೆ ಅರ್ಜೆಂಟೀನಾ ಪ್ರತಿದಾವೆ ಹಾಕಿತು: ಹೇಳಿದಷ್ಟು ಬಂಡವಾಳ ಹೂಡದೆ ನೀವು ಜನರ ನೀರಿನ ಹಕ್ಕನ್ನು ಮುರಿದಿದ್ದೀರಿ. ಅಂಥ ಪ್ರತಿದಾವೆಯನ್ನು ಕೇಳಲು ತನಗೆ ಅಧಿಕಾರವಿದೆ ಎಂದು ಆ ಮಂಡಳಿ ಒಪ್ಪಿತು, ಅಂತರರಾಷ್ಟ್ರೀಯ ಕಾನೂನು ಕಂಪನಿಗಳನ್ನು ಮುಟ್ಟುವುದೇ ಇಲ್ಲ ಎಂಬ ಹಳೆಯ ಮಾತನ್ನು ಬದಿಗಿಟ್ಟಿತು. ಕೊನೆಗೆ ಪ್ರತಿದಾವೆ ಬಿದ್ದುಹೋಯಿತು. ನೀರು ಒದಗಿಸುವ ಹೊಣೆ ಸರ್ಕಾರದ್ದು, ಗುತ್ತಿಗೆ ಪಡೆದ ಮಾತ್ರಕ್ಕೆ ಅದು ಕಂಪನಿಯ ಮಾನವ ಹಕ್ಕು ಬಾಧ್ಯತೆ ಆಗುವುದಿಲ್ಲ ಎಂದಿತು ಮಂಡಳಿ. ಆದರೂ ಪ್ರಶ್ನೆಯನ್ನು ಪ್ರಶ್ನೆಯಾಗಿ ಎದುರಿಸಿತು. ಕಬಾನ್ಯಾಸ್‌ನ ಜನರಿಗೆ ಸಿಗದಿದ್ದದ್ದು ಅಷ್ಟೇ ಅಲ್ಲವೇ?

ತೀರ್ಪಿನ ನಂತರ

ದಾವೆ ನಡೆಯುವಷ್ಟು ಕಾಲವೂ ಗಣಿ ನಿಷೇಧ ಕಾನೂನು ಬರಲಿಲ್ಲ. ಅಂದಿನ ಅಧ್ಯಕ್ಷ ಮೌರಿಸಿಯೊ ಫೂನೆಸ್ ಅವರ ಸರ್ಕಾರ 2012ರಲ್ಲಿ ಸಂಸತ್ತಿನ ಮುಂದಿಟ್ಟದ್ದು ನಿಷೇಧವನ್ನಲ್ಲ, ಗಣಿಗಾರಿಕೆಯನ್ನು ತಾತ್ಕಾಲಿಕವಾಗಿ ತಡೆಹಿಡಿಯುವ ಮಸೂದೆಯನ್ನು. ಅದೂ ಕಾನೂನಾಗಲಿಲ್ಲ. 2015ರಲ್ಲಿ ಮಧ್ಯ ಅಮೆರಿಕಾ ವಿಶ್ವವಿದ್ಯಾಲಯ ನಡೆಸಿದ ಸಮೀಕ್ಷೆಯಲ್ಲಿ ಹತ್ತರಲ್ಲಿ ಎಂಟರಷ್ಟು ಮಂದಿ ತಮ್ಮ ದೇಶ ಗಣಿಗಾರಿಕೆಗೆ ತಕ್ಕದ್ದಲ್ಲ ಎಂದಿದ್ದರೂ ಶಾಸಕರು ಕೈ ಹಾಕಲಿಲ್ಲ. ದಾವೆಯ ಭಯ ಶಾಸನ ಮಾಡುವ ಕೈಯನ್ನು ಹಿಡಿಯುತ್ತದೆ ಎಂಬುದು ಹೂಡಿಕೆ ಒಪ್ಪಂದಗಳ ಮೇಲಿನ ಹಳೆಯ ಆಕ್ಷೇಪ. ತೀರ್ಪು ಬಂದು ಐದೂವರೆ ತಿಂಗಳಲ್ಲಿ ಏನಾಯಿತೆಂದು ನೋಡಿದರೆ ಆ ಆಕ್ಷೇಪವನ್ನು ತಳ್ಳಿಹಾಕುವುದು ಕಷ್ಟ. 2017ರ ಮಾರ್ಚ್‌ನಲ್ಲಿ ಫಿಲಿಪ್ಪೀನ್ಸ್‌ನ ನುಯೆವಾ ವಿಸ್ಕಾಯಾ ಪ್ರಾಂತ್ಯದ ಗವರ್ನರ್ ಕಾರ್ಲೊಸ್ ಪದಿಲ್ಯಾ ಎಲ್ ಸಾಲ್ವಡಾರ್‌ಗೆ ಬಂದು, ಅದೇ ಓಷಿಯಾನಾಗೋಲ್ಡ್ ತಮ್ಮ ಪ್ರಾಂತ್ಯದಲ್ಲಿ ನಡೆಸುವ ಗಣಿಯ ಅನುಭವವನ್ನು ಶಾಸಕರಿಗೆ ಹೇಳಿದರು. ಮಾರ್ಚ್ 29ರಂದು 84 ಸದಸ್ಯರ ಸಂಸತ್ತಿನಲ್ಲಿ 69 ಮತಗಳೊಂದಿಗೆ ಲೋಹ ಗಣಿಗಾರಿಕೆಯ ಸಂಪೂರ್ಣ ನಿಷೇಧ ಅಂಗೀಕಾರವಾಯಿತು. ಎಡ ಬಲ ಎರಡೂ ಪಕ್ಷಗಳು ಕೂಡಿ ಮತ ಹಾಕಿದವು. ಜಗತ್ತಿನಲ್ಲಿ ಇಂಥ ಕಾನೂನು ಮಾಡಿದ ಮೊದಲ ದೇಶವದು.

ಆ ಕಾನೂನು ಏಳು ವರ್ಷ ಒಂಬತ್ತು ತಿಂಗಳು ಬದುಕಿತು. ಅಧ್ಯಕ್ಷ ನಯೀಬ್ ಬುಕೆಲೆಯವರ ಪಕ್ಷದ ಹಿಡಿತದಲ್ಲಿರುವ ಸಂಸತ್ತು 2024ರ ಡಿಸೆಂಬರ್ 23ರಂದು, 60ರಲ್ಲಿ 57 ಮತಗಳಿಂದ, ನಿಷೇಧವನ್ನು ರದ್ದು ಮಾಡಿತು. ಅದಕ್ಕೂ ಮೊದಲೇ, 2023ರ ಜನವರಿಯಲ್ಲಿ, ಗಣಿ ವಿರೋಧಿ ಹೋರಾಟದಲ್ಲಿದ್ದ ಸಾಂತಾ ಮಾರ್ತಾದ ಐವರು ಹಿರಿಯರನ್ನು ಅಂತರ್ಯುದ್ಧ ಕಾಲದ ಒಂದು ಕೊಲೆಯ ಆರೋಪದ ಮೇಲೆ ಬಂಧಿಸಲಾಗಿತ್ತು. 2024ರ ಅಕ್ಟೋಬರ್‌ನಲ್ಲಿ ನ್ಯಾಯಾಲಯ ಅವರನ್ನು ಬಿಡುಗಡೆ ಮಾಡಿದರೂ ಮೇಲಿನ ನ್ಯಾಯಾಲಯ ಆ ಆದೇಶವನ್ನು ರದ್ದುಪಡಿಸಿ ಮರುವಿಚಾರಣೆಗೆ ಕಳಿಸಿತು.

2016ರ ತೀರ್ಪು ನೀರಿನ ಬಗ್ಗೆ ಒಂದು ಸಾಲು ಬರೆದಿದ್ದರೂ ಅದು ಇವತ್ತು ಎಲ್ಲೋ ಒಂದು ವಾದದಲ್ಲಿ ಕೆಲಸಕ್ಕೆ ಬರುತ್ತಿತ್ತು. ಅದು ಬರೆದದ್ದು ಗುತ್ತಿಗೆ ಕೇಳುವವರು ಯಾವ ಯಾವ ಕಾಗದ ತರಬೇಕು ಎಂದು. ಕಬಾನ್ಯಾಸ್‌ಗೆ ಮುಂದೆ ಬರುವ ಕಂಪನಿಯ ವಕೀಲರು ಆ ಪುಟಗಳನ್ನು ಎಚ್ಚರಿಕೆಯಿಂದ ಓದಿಯೇ ಬರುತ್ತಾರೆ, ಮತ್ತು ಆ ಸಲ ಅವರ ಕಡತದಲ್ಲಿ ಖಾಲಿ ಜಾಗ ಇರುವುದಿಲ್ಲ.